ಮ್ಯಾರಥಾನ್‌ಗೆ 24 ದಿನ, ಮೀನಖಂಡ ಕಲ್ಲಿನಂತಾಗಿದೆ: ಮಸಾಜ್ ಯಾವಾಗ, ಸ್ಟ್ರೆಚಿಂಗ್ ಎಷ್ಟು?

ಮುಂಜಾವಿನ ಹೆಜ್ಜೆ (ಡೊಂಬಿವಲಿ), ಗುರುವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಊರು ಧಾರವಾಡ. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದೇನೆ. ಎರಡು ಸಲ ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಈ ಜನವರಿ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್‌ನಲ್ಲಿ ಮೊದಲ ಸಲ ಪೂರ್ತಿ 42.195 ಕಿ.ಮೀ. ಓಡಬೇಕು. ಇನ್ನು 24 ದಿನ ಉಳಿದಿದೆ.

ಕಳೆದ ಭಾನುವಾರ 30 ಕಿ.ಮೀ. ಓಡಿದೆ. ಓಟ ಚೆನ್ನಾಗೇ ಆಯಿತು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಆದರೆ ಇವತ್ತಿಗೆ ನಾಲ್ಕು ದಿನವಾಯಿತು, ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಲೋಕಲ್‌ನಲ್ಲಿ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ ತನಕ ಒಂದು ಗಂಟೆಗಿಂತ ಜಾಸ್ತಿ ನಿಂತೇ ಹೋಗಬೇಕು. ಇಳಿಯುವಾಗ ಕಾಲು ಮತ್ತೆ ಬಿಗಿದಿರುತ್ತದೆ.

ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಓಟದ ಗುಂಪಿನ ಗೆಳತಿ, "ರೇಸ್‌ಗೆ ಎರಡು ದಿನ ಮುಂಚೆ ಡೀಪ್ ಟಿಶ್ಯೂ ಮಸಾಜ್ ಮಾಡಿಸು, ಕಾಲು ಹೊಸದಾಗುತ್ತದೆ" ಅನ್ನುತ್ತಾಳೆ. ಇನ್ನೊಬ್ಬರು, ಓಡುವ ಮುಂಚೆ ಹತ್ತು ನಿಮಿಷ ಸ್ಟ್ರೆಚ್ ಮಾಡದೇ ಇರುವುದೇ ತಪ್ಪು ಅನ್ನುತ್ತಾರೆ. ಧಾರವಾಡದಿಂದ ಅವ್ವ ಬಂದಿದ್ದಾರೆ. ಅವರಂತೂ ಹರಳೆಣ್ಣೆ ಬಿಸಿ ಮಾಡಿಕೊಂಡು ರಾತ್ರಿ ಬಾಗಿಲಲ್ಲೇ ನಿಂತಿರುತ್ತಾರೆ. ಅವರ ಕೈ ಬಿದ್ದ ಮೇಲೆ ನಿದ್ದೆ ಚೆನ್ನಾಗಿ ಬರುತ್ತದೆ, ಅದು ನಿಜ. ಆದರೆ ಬೆಳಿಗ್ಗೆ ಎದ್ದರೆ ಮತ್ತೆ ಅದೇ.

ಇದನ್ನು ಒತ್ತಿಸಿಕೊಳ್ಳಬೇಕಾ, ಎಳೆಯಬೇಕಾ, ಸುಮ್ನೆ ಬಿಡಬೇಕಾ? ಒಂಬತ್ತು ತಿಂಗಳು ಬೆಳಗಿನ ನಾಲ್ಕೂವರೆಗೆ ಎದ್ದಿದ್ದೇನೆ. ಈಗ ಹಾಳಾಗಬಾರದು.


ವಾಶಿ 10ಕೆ (ನವಿ ಮುಂಬೈ), ಗುರುವಾರ ರಾತ್ರಿ 10:50

ಅಕ್ಕ, ನಾನು ಮಸಾಜ್ ಗನ್ ತಗೊಂಡಿದ್ದೇನೆ. ಆಫೀಸಿನಿಂದ ಬಂದು ಎರಡು ಮೀನಖಂಡಕ್ಕೂ ಹತ್ತು ಹತ್ತು ನಿಮಿಷ ಫುಲ್ ಸ್ಪೀಡಿನಲ್ಲಿ ಹಿಡಿಯುತ್ತೇನೆ. ಒಳಗೆ ಕೂತಿರುವ ಲ್ಯಾಕ್ಟಿಕ್ ಆಸಿಡ್ ಎಲ್ಲ ಹೊರಗೆ ಹೋಗುತ್ತದೆ ಅಂತ ನನ್ನ ಜಿಮ್ ಟ್ರೇನರ್ ಹೇಳಿದ್ದರು. ನನಗೆ 26. ಇನ್ನೂ ದೊಡ್ಡ ದೂರ ಓಡಿಲ್ಲ. ಗೊತ್ತಿದ್ದವರು ಹೇಳಿ, ನಾನೂ ಕಲಿಯುತ್ತೇನೆ.


ಪಾಂಚ್ ಗಾರ್ಡನ್ (ಮಾಟುಂಗಾ), ಶುಕ್ರವಾರ ಬೆಳಿಗ್ಗೆ 6:40

ತಂಗಿ, ನಿಮ್ಮ ಗೆಳತಿಯ ಮಾತು ಓದಿ ಕೂಡಲೇ ಬರೆಯಬೇಕು ಅನ್ನಿಸಿತು. ಓಟ ಮುಗಿಸಿ ಬಂದು, ಬೆವರೂ ಆರಿಸಿಕೊಳ್ಳದೆ ಬರೆಯುತ್ತಿದ್ದೇನೆ.

ನನಗೆ 61. ಈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಆಗ ನಾನು ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದವನು. ಓಡಲು ಶುರು ಮಾಡಿದ್ದು ಐವತ್ತರ ಹತ್ತಿರ. ಮೈಸೂರು ಅಸೋಸಿಯೇಷನ್ ಕಡೆಯಿಂದ ಹೊರಟು ಪಾಂಚ್ ಗಾರ್ಡನ್ ಸುತ್ತಿ ಬರುವುದೇ ನನ್ನ ದಿನದ ಓಟ. ಫುಲ್ ಆರು ಸಲ ಮುಗಿಸಿದ್ದೇನೆ. ಅದರಲ್ಲಿ ನಾಲ್ಕನೆಯದನ್ನು ಮರೆಯಲು ಆಗಿಲ್ಲ.

ಆ ವರ್ಷ ತಯಾರಿ ಅತ್ಯುತ್ತಮವಾಗಿತ್ತು. ಶುಕ್ರವಾರ ಸಂಜೆ ಒಂದು ಮಸಾಜ್ ಕೇಂದ್ರಕ್ಕೆ ಹೋದೆ. ಭಾನುವಾರ ಮ್ಯಾರಥಾನ್ ಇದೆ ಅಂತ ಹೇಳಿದೆ. "ಹಾಗಾದರೆ ಗಟ್ಟಿಯಾಗೇ ಮಾಡುತ್ತೇವೆ" ಅಂದರು. ಮೊಣಕೈ ಇಟ್ಟು ತೊಡೆ, ಮೀನಖಂಡ ಒತ್ತಿದರು. ಹಲ್ಲು ಕಚ್ಚಿಕೊಂಡು ಮಲಗಿದ್ದೆ. ನೋವಾದಷ್ಟೂ ಒಳ್ಳೆಯದು ಅಂತ ನಾನೇ ನಂಬಿದ್ದೆ. ಶನಿವಾರ ಬೆಳಿಗ್ಗೆ ಎರಡು ಕಾಲಿನಲ್ಲೂ ಮುಟ್ಟಿದರೆ ನೋವು, ಒಂದು ಕಡೆ ನೀಲಿ ಗುರುತು. ಭಾನುವಾರ ಅರ್ಧ ದೂರ ಹೇಗೋ ಹೋಯಿತು. ವಾಪಸ್ ಬರುವಾಗ ಪೆಡ್ಡರ್ ರೋಡ್ ಏರಿನಲ್ಲಿ ತೊಡೆ ಮೇಲೇಳಲಿಲ್ಲ. ಇಡೀ ಏರನ್ನು ನಡೆದೆ. ಇಳಿಜಾರನ್ನೂ ನಡೆದೆ, ಅದು ಇನ್ನೂ ಕಷ್ಟವಾಯಿತು. ಹಿಂದಿನ ವರ್ಷಕ್ಕಿಂತ 40 ನಿಮಿಷ ಜಾಸ್ತಿ ಹಿಡಿಯಿತು.

ಗಟ್ಟಿ ಮಸಾಜ್ ಅಂದರೆ ಸ್ನಾಯುವಿಗೆ ಅದೂ ಒಂದು ಕೆಲಸವೇ. ದೊಡ್ಡ ಓಟದ ಮರುದಿನ ಹೇಗೆ ಮೈ ನೋಯುತ್ತದೋ ಹಾಗೇ ಅದರ ಮರುದಿನವೂ ನೋಯುತ್ತದೆ. ಆಮೇಲಿಂದ ನಾನು ಗಟ್ಟಿಯಾಗಿ ಮಾಡಿಸುವುದಿದ್ದರೆ ರೇಸ್‌ಗೆ ಹತ್ತು ದಿನ ಇರುವಾಗಲೇ ಮಾಡಿಸುತ್ತೇನೆ. ಕೊನೆಯ ಮೂರು ದಿನ ಯಾರ ಕೈಗೂ ಕಾಲು ಕೊಡುವುದಿಲ್ಲ. ಅಲ್ಲಿಯವರೆಗೆ ಒಮ್ಮೆಯೂ ಮಸಾಜ್ ಮಾಡಿಸದೇ ಇದ್ದವರು ರೇಸ್ ವಾರದಲ್ಲಿ ಅದನ್ನು ಶುರು ಮಾಡಲೇಬಾರದು.


ಗರಡಿ ಮಣ್ಣು (ಕಳವಾ), ಶುಕ್ರವಾರ ಮಧ್ಯಾಹ್ನ 1:20

ಹಿರಿಯರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಬೆಳಗಾವಿ ಕಡೆಯವನು. ಹುಡುಗನಿದ್ದಾಗ ಆರು ವರ್ಷ ಗರಡಿಯಲ್ಲಿ ಮಣ್ಣು ಹೊತ್ತಿದ್ದೇನೆ. ಈಗ ಕೆಲಸಕ್ಕಾಗಿ ಇಲ್ಲಿದ್ದೇನೆ, ಯೇಊರು ಗುಡ್ಡದ ಕಡೆ ಓಡುತ್ತೇನೆ.

ಗರಡಿಯಲ್ಲಿ ಮಾಲೀಶು ಅಂದರೆ ದಿನನಿತ್ಯದ ಪಾಠ. ಸಾವಿರ ಬಸ್ಕಿ ಹೊಡೆದಷ್ಟೇ ಅದಕ್ಕೂ ಬೆಲೆ. ಒಬ್ಬರಿಗೊಬ್ಬರು ತಿಕ್ಕುತ್ತಿದ್ದೆವು. ನಮ್ಮ ಉಸ್ತಾದರು ಹೇಳಿಕೊಟ್ಟದ್ದು ಇಷ್ಟು. ಪಾದದಿಂದ ಮೇಲಕ್ಕೆ ನೀವಬೇಕು, ಎದೆಯ ಕಡೆಗೆ. ಮೊದಲು ಅಂಗೈ, ಮೈ ಬಿಸಿಯಾದ ಮೇಲೆ ಹೆಬ್ಬೆರಳು. ಮೊಣಕಾಲಿನ ಹಿಂದಿನ ಕುಳಿಯಲ್ಲಿ ಬೆರಳು ಊರಬಾರದು. ಎಲುಬಿನ ಮೇಲೆ ಒತ್ತಬಾರದು. ತಿಕ್ಕಿಸಿಕೊಳ್ಳುವವನು ಉಸಿರು ಹಿಡಿದರೆ ಕೈ ಹಗುರ ಮಾಡಬೇಕು. ಈ ಕೊನೆಯದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಬಾಯಲ್ಲಿ "ನೋವಿಲ್ಲ" ಅಂದರೂ ಉಸಿರು ಸುಳ್ಳು ಹೇಳುವುದಿಲ್ಲ.

ಕುಸ್ತಿಯ ಹಿಂದಿನ ದಿನ ಉಸ್ತಾದರು ಜೋರು ಮಾಲೀಶಿಗೆ ಬಿಡುತ್ತಿರಲಿಲ್ಲ. ಬರೀ ಎಣ್ಣೆ ಸವರಿ, ಬಿಸಿನೀರು ಹಾಕಿ, ಬೇಗ ಮಲಗಿಸುತ್ತಿದ್ದರು. ಜೋರು ತಿಕ್ಕುವುದೆಲ್ಲ ಕುಸ್ತಿ ಇಲ್ಲದ ತಿಂಗಳಲ್ಲಿ.

ನಿಮ್ಮ ಅವ್ವನ ಕೈ ಬಿಡಬೇಡಿ, ಅಕ್ಕೋರೆ. ಮೆತ್ತಗೆ ಮಾಡಲಿ, ದಿನಾ ಮಾಡಲಿ.


ಮುಲುಂಡ್ ಫಿಸಿಯೊ, ಶುಕ್ರವಾರ ರಾತ್ರಿ 9:30

ನಾನು ಫಿಸಿಯೊಥೆರಪಿಸ್ಟ್, ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಡಿಸೆಂಬರ್ ಕೊನೆಯಲ್ಲಿ ನನ್ನ ಹತ್ತಿರ ಬರುವ ಅರ್ಧ ಜನ ನಿಮ್ಮಂಥ ಓಟಗಾರರೇ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ವಾಶಿಯ ತಮ್ಮನಿಗೆ ಮೊದಲು. ಲ್ಯಾಕ್ಟಿಕ್ ಆಸಿಡ್ ಕಾಲಿನಲ್ಲಿ ಕೂತುಕೊಳ್ಳುವುದಿಲ್ಲ. ಓಟ ನಿಲ್ಲಿಸಿ ಸುಮಾರು ಒಂದು ಗಂಟೆಯೊಳಗೆ ದೇಹವೇ ಅದನ್ನು ಬಳಸಿಕೊಂಡು ಮುಗಿಸುತ್ತದೆ. ಮರುದಿನ, ಅದರ ಮರುದಿನ ಬರುವ ನೋವು ಬೇರೆ. ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗಿ, ಅದನ್ನು ದೇಹ ರಿಪೇರಿ ಮಾಡುವಾಗ ಬರುವ ನೋವು ಅದು. 24ರಿಂದ 72 ಗಂಟೆಯೊಳಗೆ ಜೋರಾಗಿರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಮಸಾಜ್ ಗನ್ ಒಂದು ಸ್ನಾಯುವಿಗೆ ಒಂದೆರಡು ನಿಮಿಷ ಸಾಕು, ಕಡಿಮೆ ಸ್ಪೀಡಿನಲ್ಲಿ. ಹತ್ತು ನಿಮಿಷ ಬಡಿಯಬೇಡಿ.

ಹಾಗಾದರೆ ಮಸಾಜ್‌ನಿಂದ ಏನು ಸಿಗುತ್ತದೆ? ನೋವು ಸ್ವಲ್ಪ ಕಡಿಮೆ ಅನ್ನಿಸುತ್ತದೆ. ನರಗಳು ಶಾಂತವಾಗುತ್ತವೆ, ಹಾಗಾಗಿ ಬಿಗಿ ಸಡಿಲಾದಂತೆ ಆಗುತ್ತದೆ. ನಿದ್ದೆ ಬರುತ್ತದೆ. ಇದು ಸಣ್ಣ ಲಾಭ ಅಲ್ಲ. ಆದರೆ ಮಸಾಜ್‌ನಿಂದ ಯಾರೂ ಜೋರಾಗಿ ಓಡುವುದಿಲ್ಲ. ಗಾಯವೂ ಅದರಿಂದ ವಾಸಿಯಾಗುವುದಿಲ್ಲ. ಗಾಯಕ್ಕೆ ಕಾರಣ ಏನು ಅಂತ ಹುಡುಕದೆ ಒತ್ತುತ್ತಾ ಹೋದರೆ ರಾತ್ರಿ ಸುಖ, ಬೆಳಿಗ್ಗೆ ಮತ್ತೆ ಅದೇ ನೋವು. ನೀವೇ ಹಾಗೆ ಬರೆದಿದ್ದೀರಿ, ಅಲ್ವಾ?

ಅದಕ್ಕೆ ಕೆಲವು ಪ್ರಶ್ನೆ. ನೋವು ಮೀನಖಂಡದ ಮೇಲ್ಭಾಗದಲ್ಲಾ, ಕೆಳಗೆ ಹಿಮ್ಮಡಿಯ ಹತ್ತಿರವಾ? ಆ ಕಾಲು ಇನ್ನೊಂದಕ್ಕಿಂತ ಊದಿದೆಯಾ, ಬಿಸಿಯಾಗಿದೆಯಾ, ಕೆಂಪಾಗಿದೆಯಾ? ಓಡುವಾಗ ಒಮ್ಮೆಲೇ ಹಿಂದಿನಿಂದ ಕಲ್ಲು ಬಿದ್ದಂತೆ ಆಯಿತಾ? ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ಮೇಲೆ ಒಂದೇ ಬೆರಳಿನಲ್ಲಿ ತೋರಿಸುವಂಥ ನೋವು ಇದೆಯಾ? ಕಳೆದ ಎರಡು ಮೂರು ತಿಂಗಳಲ್ಲಿ ಏನಾದರೂ ಬದಲಾಯಿಸಿದಿರಾ? ದೂರ, ದಾರಿ, ಶೂ, ಏನೇ ಇರಲಿ.

ಇದನ್ನು ಎಲ್ಲರೂ ನೆನಪಿಡಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇರಬಹುದು. ಅದನ್ನು ಒತ್ತಲೇಬಾರದು, ಎಣ್ಣೆಯನ್ನೂ ತಿಕ್ಕಬಾರದು. ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಕಲ್ಲು ಬಿದ್ದಂತೆ ಆಗಿದ್ದರೆ ಸ್ನಾಯು ಹರಿದಿರಬಹುದು. ಮೊದಲ ಎರಡು ಮೂರು ದಿನ ಅದನ್ನೂ ಮುಟ್ಟಬಾರದು. ಎಲುಬಿನ ಮೇಲಿನ ಚುಕ್ಕೆ ನೋವು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಎಲುಬಿನಲ್ಲಿ ಸಣ್ಣ ಬಿರುಕು, ಇರಬಹುದು, ಅದರ ಮೇಲೆ ಓಡಬಾರದು.


ಮುಂಜಾವಿನ ಹೆಜ್ಜೆ (ಡೊಂಬಿವಲಿ), ಶುಕ್ರವಾರ ರಾತ್ರಿ 11:05

ಮೇಡಂ, ಓದಿ ಸ್ವಲ್ಪ ಹೆದರಿಕೆಯಾಯಿತು. ಟೇಪ್ ಹಿಡಿದು ಎರಡೂ ಕಾಲು ಅಳೆದೆ. ಒಂದೇ ಅಳತೆ ಇದೆ. ಊತ ಇಲ್ಲ, ಬಿಸಿ ಇಲ್ಲ. ಕಲ್ಲು ಬಿದ್ದಂತೆಯೂ ಆಗಿಲ್ಲ, ಮೆಲ್ಲಗೆ ಬಂದ ನೋವು. ಮೀನಖಂಡದ ಕೆಳಭಾಗ, ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ.

ಬದಲಾಯಿಸಿದ್ದು ಅಂದರೆ ಶೂ. ನವೆಂಬರ್ ಮೊದಲ ವಾರದಲ್ಲಿ ತಗೊಂಡೆ. ಹಳೆಯದು ಸವೆದಿತ್ತು. ಅಂಗಡಿಯಲ್ಲಿ ಇದು ಹಗುರ, ರೇಸ್‌ಗೆ ಒಳ್ಳೆಯದು ಅಂದರು. ಈಗ ಡಬ್ಬಿ ತೆಗೆದು ನೋಡಿದೆ. ಹಳೆಯದರಲ್ಲಿ ಡ್ರಾಪ್ 10 ಮಿ.ಮೀ., ಹೊಸದರಲ್ಲಿ 4 ಮಿ.ಮೀ. ಇದರಿಂದ ಇಷ್ಟೆಲ್ಲ ಆಗುತ್ತದಾ?


ಮುಲುಂಡ್ ಫಿಸಿಯೊ, ಶನಿವಾರ ಬೆಳಿಗ್ಗೆ 7:10

ಆಗುತ್ತದೆ. ಡ್ರಾಪ್ ಅಂದರೆ ಶೂ ಒಳಗೆ ಹಿಮ್ಮಡಿ ಬೆರಳಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವ ಅಳತೆ. ಅದು ಕಡಿಮೆಯಾದರೆ ಹಿಮ್ಮಡಿ ಕೆಳಗಿಳಿಯುತ್ತದೆ. ಪ್ರತಿ ಹೆಜ್ಜೆಗೂ ಮೀನಖಂಡ, ಅದನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಹುರಿ ಜಾಸ್ತಿ ಎಳೆದುಕೊಳ್ಳುತ್ತವೆ. 30 ಕಿ.ಮೀ.ಯಲ್ಲಿ ಸಾವಿರಾರು ಹೆಜ್ಜೆ. ಕಡಿಮೆ ಡ್ರಾಪ್ ಶೂ ಕೆಟ್ಟದ್ದು ಅಂತಲ್ಲ. ಅದಕ್ಕೆ ಕಾಲು ಒಗ್ಗಲು ತಿಂಗಳುಗಟ್ಟಲೆ ಬೇಕು. ನೀವು ದೂರ ಹೆಚ್ಚಿಸುತ್ತಿದ್ದ ಹೊತ್ತಿನಲ್ಲೇ ಶೂ ಬದಲಾಯಿಸಿದಿರಿ. ಎರಡೂ ಭಾರ ಒಟ್ಟಿಗೆ ಬಿತ್ತು.

ಕಾಲು ಮುಟ್ಟಿ ನೋಡದೆ ಖಚಿತವಾಗಿ ಹೇಳುವುದು ತಪ್ಪು. ಈ ವಾರ ಹತ್ತಿರದ ಒಬ್ಬ ಫಿಸಿಯೊಗೆ ತೋರಿಸಿ. ಅಲ್ಲಿಯವರೆಗೆ ಇದನ್ನು ಮಾಡಿ.

ಹಳೆಯ ಮಾಡೆಲ್‌ನದ್ದೇ ಹೊಸ ಜೋಡಿ ಇವತ್ತೇ ತನ್ನಿ. 22 ದಿನದಲ್ಲಿ ನಾಲ್ಕೈದು ಓಟಕ್ಕೆ ಹಾಕಿದರೆ ಕಾಲಿಗೆ ಹೊಂದಿಕೊಳ್ಳುತ್ತದೆ. ನಾಳೆ 32 ಕಿ.ಮೀ. ಇದ್ದರೆ ಬಿಡಿ. ನಿಮ್ಮ 30 ಮುಗಿದಿದೆ, ಅದು ಸಾಕು. ನಿಧಾನವಾಗಿ 16 ಓಡಿ. ಹತ್ತರಲ್ಲಿ ಮೂರಕ್ಕಿಂತ ಜಾಸ್ತಿ ನೋವಾದರೆ ಅಲ್ಲೇ ನಿಲ್ಲಿಸಿ ರಿಕ್ಷಾ ಹಿಡಿಯಿರಿ. ಹೇಗೂ ಈಗ ಟೇಪರ್ ಶುರುವಾಗಬೇಕು. ಕೊನೆಯ ಎರಡು ಮೂರು ವಾರ ಒಟ್ಟು ದೂರವನ್ನು ಮೆಲ್ಲಗೆ ಅರ್ಧದ ಹತ್ತಿರಕ್ಕೆ ಇಳಿಸುವುದು ಎಲ್ಲ ಮಸಾಜ್‌ಗಿಂತ ದೊಡ್ಡ ಔಷಧಿ. ಅದರ ಜೊತೆ ನಿದ್ದೆ.

ಇನ್ನು ಎಳೆಯುವುದು. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯು ಇವೆ. ಮೇಲಿನದು ಮೊಣಕಾಲು ದಾಟಿ ತೊಡೆ ಎಲುಬಿಗೆ ಅಂಟಿದೆ. ಹಾಗಾಗಿ ಮೊಣಕಾಲು ನೇರ ಇಟ್ಟು ಗೋಡೆಗೆ ಕೈ ಊರಿ ಬಾಗಿದರೆ ಅದು ಎಳೆಯುತ್ತದೆ. ಒಳಗಿನದು, ಸೋಲಿಯಸ್, ಮೊಣಕಾಲಿನ ಕೆಳಗೇ ಮುಗಿಯುತ್ತದೆ. ಅದು ಎಳೆಯಬೇಕಾದರೆ ಮೊಣಕಾಲು ಬಗ್ಗಿಸಬೇಕು, ಹಿಮ್ಮಡಿ ನೆಲ ಬಿಡಬಾರದು. ದೂರದ ಓಟದಲ್ಲಿ ಜಾಸ್ತಿ ದುಡಿಯುವುದು ಇದು. ನೀವು ಹೇಳಿದ ಜಾಗ ನೋಡಿದರೆ ನಿಮ್ಮ ತೊಂದರೆಯೂ ಇಲ್ಲೇ ಇರಬೇಕು. ಹೆಚ್ಚಿನವರು ಕಾಲು ನೇರ ಇಟ್ಟು ಮಾತ್ರ ಎಳೆಯುತ್ತಾರೆ, ಇದನ್ನು ಬಿಟ್ಟೇಬಿಡುತ್ತಾರೆ. ಸಂಜೆ ಹೊತ್ತು, ಮೈ ಬಿಸಿ ಇದ್ದಾಗ, ಎರಡೂ ರೀತಿ 30 ಸೆಕೆಂಡ್, ಮೂರು ಸಲ. ಜಗ್ಗಬೇಡಿ, ಮೆಲ್ಲಗೆ ಹಿಡಿದಿಡಿ. ನೋವು ಹಿಮ್ಮಡಿಗೆ ತೀರ ಹತ್ತಿರ ಬಂದರೆ ಎಳೆಯುವುದನ್ನು ಬಿಡಿ. ಅಲ್ಲಿ ಅದು ನೋವು ಹೆಚ್ಚಿಸುತ್ತದೆ.

ಎಳೆಯುವುದಕ್ಕಿಂತ ಮುಖ್ಯ ಬಲ. ಎರಡೂ ಪಾದದಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಮೂರು ಎಣಿಸುತ್ತಾ ಇಳಿಸಿ. 15 ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಸ್ವೀಡನ್ನಿನ ಆಲ್ಫ್ರೆಡ್‌ಸನ್ 1998ರಲ್ಲಿ ಅಕಿಲಿಸ್ ನೋವಿಗೆ ಇಂಥದೇ ಹಿಮ್ಮಡಿ ಇಳಿಸುವ ವ್ಯಾಯಾಮವನ್ನು 12 ವಾರ ಮಾಡಿಸಿ ಒಳ್ಳೆಯ ಫಲ ಕಂಡರು. ಅಂದರೆ ಬಲ ಬರಲು 12 ವಾರದ ತಾಳ್ಮೆ ಬೇಕು. ನಿಮ್ಮ ಹತ್ತಿರ ಮೂರೇ ವಾರ ಇದೆ. ಈಗ ಜೋರು ಮಾಡಬೇಡಿ, ರೇಸ್ ಮುಗಿದ ಮೇಲೂ ಬಿಡಬೇಡಿ.

ಅವ್ವನ ಎಣ್ಣೆ ಖಂಡಿತ ಇರಲಿ. ಮೆತ್ತಗೆ, ಹತ್ತು ನಿಮಿಷ, ಕೆಳಗಿನಿಂದ ಮೇಲಕ್ಕೆ. ಒಬ್ಬ ಒಳ್ಳೆಯ ಥೆರಪಿಸ್ಟ್ ಕೈಯಲ್ಲಿ ಮಧ್ಯಮ ಒತ್ತಡದ ಮಸಾಜ್ ಬೇಕು ಅನ್ನಿಸಿದರೆ ಒಂದೇ ಸಲ, ರೇಸ್‌ಗೆ ಒಂದು ವಾರ ಇರುವಾಗ. ಆಮೇಲೆ ಬೇಡ.


ಪುಣೆ ದಾರಿ (ಕೋಥ್ರೂಡ್), ಶನಿವಾರ ಬೆಳಿಗ್ಗೆ 9:00

ಮೇಡಂ, ನನ್ನದು ಒಂದು ಬೇರೆ ಅಭಿಪ್ರಾಯ. ನಾನು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಇಪ್ಪತ್ತೈದು ವರ್ಷ ಮಕ್ಕಳಿಗೆ ಓಡುವ ಮುಂಚೆ ಕಾಲು ಎಳೆಸಿದ್ದೇನೆ, ಬೆರಳು ಮುಟ್ಟಿಸಿದ್ದೇನೆ. ಈಗಲೂ ವೇತಾಳ ಗುಡ್ಡ ಹತ್ತುವ ಮುಂಚೆ ಹತ್ತು ನಿಮಿಷ ಸ್ಟ್ರೆಚ್ ಮಾಡುತ್ತೇನೆ. ಗಾಯ ಆಗಿಲ್ಲ. ನೀವು ಸಂಜೆ ಹೊತ್ತು, ಮೈ ಬಿಸಿ ಇದ್ದಾಗ ಎಳೆಯಿರಿ ಅಂದಿರಿ. ಓಡುವ ಮುಂಚೆ ಬೇಡ ಅನ್ನುವುದಾದರೆ ಅದು ನನಗೆ ಒಪ್ಪಿಗೆ ಆಗುವುದಿಲ್ಲ. ಮೈ ಬಿಗಿ ಇರುವವನು ಹಾಗೇ ಓಡಿದರೆ ಸ್ನಾಯು ಹರಿಯುವುದಿಲ್ಲವಾ?


ಮುಲುಂಡ್ ಫಿಸಿಯೊ, ಶನಿವಾರ ಮಧ್ಯಾಹ್ನ 2:15

ಸರ್, ನೀವು ಹೇಳಿಕೊಟ್ಟದ್ದನ್ನೇ ನಮಗೂ ನಮ್ಮ ಪಿ.ಟಿ. ಮೇಷ್ಟ್ರು ಹೇಳಿಕೊಟ್ಟಿದ್ದರು. ಆಗ ಎಲ್ಲ ಕಡೆ ಅದೇ ಇತ್ತು. ಆಮೇಲೆ ಜನ ಅಳೆದು ನೋಡಿದರು. ತಣ್ಣಗಿರುವ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಜಾಸ್ತಿ ಒಂದೇ ಭಂಗಿಯಲ್ಲಿ ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಇಳಿಯುತ್ತದೆ. 30 ಸೆಕೆಂಡಿನೊಳಗೆ ಹಿಡಿದು, ಆಮೇಲೆ ವಾರ್ಮಪ್ ಮಾಡಿದರೆ ನಷ್ಟ ಏನೂ ಇಲ್ಲ. ಹಾಗಾಗಿ ನಿಮಗೆ ಅಭ್ಯಾಸ ಇದ್ದರೆ ಮುಂದುವರಿಸಿ. ಗುಡ್ಡ ಹತ್ತುವಾಗ ಮೊದಲ ಹತ್ತು ನಿಮಿಷ ನೀವು ಹೇಗೂ ನಿಧಾನ ಹೋಗುತ್ತೀರಿ, ಅದೇ ನಿಮಗೆ ವಾರ್ಮಪ್.

ಮರುದಿನದ ನೋವಿಗೆ ಸ್ಟ್ರೆಚಿಂಗ್‌ನಿಂದ ಎಷ್ಟು ಲಾಭ ಅಂತ ಕಾಕ್ರೇನ್ ಅನ್ನುವ ಸಂಶೋಧಕರ ಜಾಲದ 2011ರ ಒಂದು ವಿಮರ್ಶೆಯಲ್ಲಿ 12 ಅಧ್ಯಯನ ಸೇರಿಸಿ ನೋಡಿದ್ದಾರೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಧ್ಯಯನದಲ್ಲೂ 100ರಲ್ಲಿ ಸುಮಾರು 4 ಅಂಕ ಮಾತ್ರ ನೋವು ಇಳಿದಿತ್ತು. ಇಲ್ಲ ಅಂತಲ್ಲ, ಅಷ್ಟೇ.

ಓಡುವ ಮುಂಚೆ ಬೇಕಾದದ್ದು ಚಲನೆ. ಐದು ನಿಮಿಷ ಬಿರುಸು ನಡಿಗೆ, ಆಮೇಲೆ ಕಾಲು ಹಿಂದೆ ಮುಂದೆ ಬೀಸುವುದು, ಪಕ್ಕಕ್ಕೆ ಬೀಸುವುದು, ದೊಡ್ಡ ಹೆಜ್ಜೆ ಇಟ್ಟು ಮೊಣಕಾಲು ಬಗ್ಗಿಸುತ್ತಾ ಮುಂದೆ ಹೋಗುವುದು, ಮೊಣಕಾಲು ಎತ್ತಿ ಕುಣಿಯುವುದು. ಒಂದೊಂದು ಹತ್ತು ಹದಿನೈದು ಸಲ.


ಪುಣೆ ದಾರಿ (ಕೋಥ್ರೂಡ್), ಶನಿವಾರ ಸಂಜೆ 6:30

ಒಪ್ಪಿದೆ, ಮೇಡಂ. ಹೊತ್ತು ಕಡಿಮೆ ಮಾಡುತ್ತೇನೆ. ಬಿಡುವುದಿಲ್ಲ.


ಕರಾವಳಿ ಕಾಲು (ಬೊರಿವಲಿ), ಭಾನುವಾರ ಬೆಳಿಗ್ಗೆ 10:40

ನ್ಯಾಷನಲ್ ಪಾರ್ಕ್‌ನಲ್ಲಿ ಓಡಿ ಬಂದು ನೀರುದೋಸೆ ತಿಂದು ಇದನ್ನೆಲ್ಲ ಓದಿದೆ. ನನ್ನ ಅನುಭವ ಎರಡು ಹೇಳುತ್ತೇನೆ.

ನನಗೆ ಹೋದ ವರ್ಷ ಪಾದದಡಿ ನೋವು ಬಂದಿತ್ತು. ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ಹಾಗೆ. ಪ್ಲಾಂಟರ್ ಫ್ಯಾಸಿಯೈಟಿಸ್ ಅಂದರು. ಆಗ ಕೆಲಸಕ್ಕೆ ಬಂದದ್ದು ಮನೆಯ ವಸ್ತುಗಳೇ. ಅರ್ಧ ಲೀಟರ್ ನೀರಿನ ಬಾಟಲಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಪಾದದಡಿ ಉರುಳಿಸುತ್ತಿದ್ದೆ. ಹಾಸಿಗೆಯಿಂದ ಏಳುವ ಮುಂಚೆ ಟವೆಲನ್ನು ಪಾದಕ್ಕೆ ಸುತ್ತಿ ನನ್ನ ಕಡೆ ಎಳೆದುಕೊಳ್ಳುತ್ತಿದ್ದೆ. ಅದಾದ ಮೇಲೇ ಕಾಲು ನೆಲಕ್ಕೆ. ನಿಮ್ಮ ಬೆಳಗಿನ ಬಿಗಿತಕ್ಕೂ ಆ ಟವೆಲ್ ಉಪಾಯ ಮಾಡಿ ನೋಡಿ, ಅಕ್ಕ. ಫೋಮ್ ರೋಲರ್ (ಸ್ನಾಯುವಿನ ಮೇಲೆ ಉರುಳಿಸುವ ಗಟ್ಟಿ ಸ್ಪಂಜಿನ ಉರುಳೆ) ಇಲ್ಲದವರು ಚಪಾತಿ ಲಟ್ಟಿಸುವ ಲಟ್ಟಣಿಗೆಯನ್ನೇ ಮೀನಖಂಡದ ಮೇಲೆ ಉರುಳಿಸಬಹುದು. ಒಂದು ನಿಮಿಷ, ಮೆತ್ತಗೆ. ಅದಕ್ಕೆ ಬೇರೆಯೇ ಒಂದು ಲಟ್ಟಣಿಗೆ ಇಟ್ಟುಕೊಳ್ಳಿ.

ಎರಡನೆಯದು ಎಣ್ಣೆ. ನಮ್ಮಲ್ಲಿ ತೆಂಗಿನೆಣ್ಣೆ ಇಲ್ಲದೆ ಸ್ನಾನವೇ ಇಲ್ಲ. ಆದರೆ ರೇಸ್ ದಿನ ಬೆಳಿಗ್ಗೆ ಕಾಲಿಗೆ ಎಣ್ಣೆ ಹಚ್ಚಬೇಡಿ. ಮುಂಬೈಯಲ್ಲಿ ಜನವರಿಯಲ್ಲೂ ಬೆವರು ನಿಲ್ಲುವುದಿಲ್ಲ. ಎಣ್ಣೆ ಬೆವರಿನ ಜೊತೆ ಇಳಿದು ಸಾಕ್ಸ್ ಒಳಗೆ ಹೋಯಿತು ಅಂದರೆ ಪಾದ ಜಾರುತ್ತದೆ, ಬೊಬ್ಬೆ ಬರುತ್ತದೆ. ಟೇಪ್ ಅಂಟಿಸುವವರಿಗೆ ಟೇಪ್ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಹಚ್ಚಿದ್ದರೂ ಸೋಪು ಹಾಕಿ ತೊಳೆದು ಬಿಡಿ. ಉಜ್ಜಿ ಉರಿಯುವ ಜಾಗಕ್ಕೆ ಮಾತ್ರ ವ್ಯಾಸಲಿನ್.


ವಾಶಿ 10ಕೆ (ನವಿ ಮುಂಬೈ), ಭಾನುವಾರ ಮಧ್ಯಾಹ್ನ 12:10

ತೊಡೆಯ ಹೊರಗಿನ ಐಟಿ ಬ್ಯಾಂಡ್ ಮೇಲೆ ರೋಲರ್ ಹಾಕಿದರೆ ಜೀವ ಹೋಗುತ್ತದೆ. ಮುಂದುವರಿಸಲಾ?


ಮುಲುಂಡ್ ಫಿಸಿಯೊ, ಭಾನುವಾರ ಮಧ್ಯಾಹ್ನ 3:00

ಬೇಡ, ತಮ್ಮ. ಅದು ಗಟ್ಟಿ ಪಟ್ಟಿ, ರೋಲರ್‌ಗೆ ಉದ್ದವಾಗುವಂಥದ್ದಲ್ಲ. ತೊಡೆಯ ಮುಂಭಾಗ ಮತ್ತು ಕುಂಡೆಯ ಸ್ನಾಯುವಿನ ಮೇಲೆ ಉರುಳಿಸು. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವ ವ್ಯಾಯಾಮ ಮಾಡು. ಸೊಂಟದ ಪಕ್ಕದ ಬಲ ಬಂದರೆ ಆ ಪಟ್ಟಿಯ ಮೇಲಿನ ಭಾರ ಇಳಿಯುತ್ತದೆ.


ಮುಂಜಾವಿನ ಹೆಜ್ಜೆ (ಡೊಂಬಿವಲಿ), 12 ದಿನದ ನಂತರ, ಶುಕ್ರವಾರ ರಾತ್ರಿ 9:20

ಒಂದು ಸುದ್ದಿ ಹೇಳಬೇಕಿತ್ತು. ಇಲ್ಲಿನ ಫಿಸಿಯೊಗೆ ತೋರಿಸಿದೆ. ಸೋಲಿಯಸ್ಸೇ ಅಂದರು. ಅದೇ ಹಳೆಯ ಮಾಡೆಲ್ ಶೂ ಸಿಕ್ಕಿತು. ಮೊದಲ ವಾರ ಬೆಳಗಿನ ಬಿಗಿತ ಅರ್ಧಕ್ಕೆ ಇಳಿಯಿತು. ನಿನ್ನೆ 12 ಕಿ.ಮೀ. ಓಡಿದೆ, ಇವತ್ತು ಬೆಳಿಗ್ಗೆ ನೋವಿಲ್ಲದೆ ಎದ್ದೆ. ಲೋಕಲ್‌ನಲ್ಲಿ ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತೇನೆ. ಮೊದಲು ನಾನೊಬ್ಬಳೇ ಮಾಡುತ್ತಿದ್ದೆ, ಈಗ ಲೇಡೀಸ್ ಡಬ್ಬಿಯಲ್ಲಿ ಪಕ್ಕದ ಇಬ್ಬರೂ ಮಾಡುತ್ತಾರೆ. ದೂರ ಕಡಿಮೆ ಮಾಡಿದ್ದರಿಂದ ಮನಸ್ಸಿಗೆ ಚಡಪಡಿಕೆ ಇದೆ. ಓಡಿದ್ದು ಮರೆತುಹೋಗುತ್ತದಾ ಅನ್ನಿಸುತ್ತದೆ. ಮತ್ತೆ, ರೇಸ್ ದಿನ ಸಾಲಿನಲ್ಲಿ ನಿಂತಾಗ ವಾರ್ಮಪ್ ಮಾಡಲು ಜಾಗ ಇರುತ್ತದಾ?


ಪಾಂಚ್ ಗಾರ್ಡನ್ (ಮಾಟುಂಗಾ), ಶನಿವಾರ ಬೆಳಿಗ್ಗೆ 7:30

ಮರೆಯುವುದಿಲ್ಲ, ತಂಗಿ. ಆ ಚಡಪಡಿಕೆ ಎಲ್ಲರಿಗೂ ಬರುತ್ತದೆ. ಅದನ್ನು ಕಳೆಯಲು ಹೋಗಿ ಜೋರು ಓಡಬೇಡಿ.

ಜಾಗದ ವಿಷಯ. ಸಿಎಸ್‌ಎಂಟಿ ಮುಂದೆ ಸಾಲಿನೊಳಗೆ ಹೋದ ಮೇಲೆ ಕೈ ಚಾಚಲೂ ಕಷ್ಟ. ಕಾಲು ಬೀಸುವುದು ದೂರದ ಮಾತು, ಹಿಂದಿನವರಿಗೆ ಬೀಳುತ್ತದೆ. ಹಾಗಾಗಿ ಸ್ಟೇಷನ್‌ನಿಂದ ಹೊರಗೆ ಬಂದು, ಒಳಗೆ ಹೋಗುವ ಮುಂಚೆಯೇ ಎಲ್ಲ ಮುಗಿಸಿ. ಸಾಲಿನಲ್ಲಿ ನಿಂತಾಗ ಹಿಮ್ಮಡಿ ಎತ್ತುವುದು, ಪಾದ ತಿರುಗಿಸುವುದು, ನಿಂತಲ್ಲೇ ಹೆಜ್ಜೆ ಹಾಕುವುದು, ಇಷ್ಟು ಸಾಕು. ಹಳೆಯ ಟೀ ಶರ್ಟ್ ಮೇಲೊಂದು ಹಾಕಿಕೊಳ್ಳಿ, ಕಾಯುವಾಗ ಮೈ ಆರುವುದಿಲ್ಲ. ಮೊದಲ ಎರಡು ಕಿ.ಮೀ. ನಿಮ್ಮ ವೇಗಕ್ಕಿಂತ ನಿಧಾನ ಹೋಗಿ. ಫುಲ್‌ನಲ್ಲಿ ಅದೇ ವಾರ್ಮಪ್.

ದಾರಿಯಲ್ಲಿ ನೋವಿನ ಸ್ಪ್ರೇ ಹೊಡೆಯುವವರು ಸಿಗುತ್ತಾರೆ. ಒಳ್ಳೆಯ ಮನಸ್ಸಿನ ಮಕ್ಕಳು. ಆ ಸ್ಪ್ರೇ ಚರ್ಮ ತಣ್ಣಗೆ ಮಾಡಿ ನೋವು ಮರೆಸುತ್ತದೆ, ಅಷ್ಟೇ. ಚುಚ್ಚುವ ನೋವಿಗೆ ಅದನ್ನು ಹೊಡೆಸಿಕೊಂಡು ಓಡಬೇಡಿ. ಮಾತ್ರೆಯನ್ನಂತೂ ನುಂಗಲೇಬೇಡಿ. ಐಬುಪ್ರೊಫೆನ್ ತಗೊಂಡು ಬೆವರು ಸುರಿಸುತ್ತಾ ನಾಲ್ಕೈದು ಗಂಟೆ ಓಡಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು.

ಸೆಳೆತ ಬಂದರೆ ನಿಲ್ಲಿ. ನಿಲ್ಲಲು ನಾಚಿಕೆ ಬೇಡ. ಆ ಸ್ನಾಯುವನ್ನು ಮೆಲ್ಲಗೆ ಎಳೆದು ಹಿಡಿಯಿರಿ, ಸೆಳೆತ ಬಿಡುವ ತನಕ. ಸೆಳೆತಕ್ಕೆ ಆ ಕ್ಷಣದಲ್ಲಿ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಆಮೇಲೆ ನೂರು ಹೆಜ್ಜೆ ನಡೆದು, ಮತ್ತೆ ಓಡಿ.


ಮುಲುಂಡ್ ಫಿಸಿಯೊ, ಶನಿವಾರ ಬೆಳಿಗ್ಗೆ 8:15

ಸರ್ ಹೇಳಿದ್ದಕ್ಕೆ ನನ್ನ ಸಹಿ. ಮುಗಿಸಿದ ಕೂಡಲೇ ಕೂತುಬಿಡಬೇಡಿ, ಹತ್ತು ಹದಿನೈದು ನಿಮಿಷ ನಡೆಯಿರಿ. ಅಲ್ಲಿ ಫಿಸಿಯೊಗಳ ಟೆಂಟ್ ಇದ್ದರೆ ಹೋಗಿ, ಆದರೆ "ಹಗುರವಾಗಿ" ಅಂತ ನೀವೇ ಬಾಯಿಬಿಟ್ಟು ಹೇಳಿ.


ಮುಂಜಾವಿನ ಹೆಜ್ಜೆ (ಡೊಂಬಿವಲಿ), ರೇಸ್ ಮುಗಿದ ಮರುದಿನ, ಸೋಮವಾರ ಸಂಜೆ 7:45

ಮುಗಿಸಿದೆ. 5 ಗಂಟೆ 21 ನಿಮಿಷ.

ತುಂಬಾ ದೂರದ ತನಕ ಮೀನಖಂಡ ನೆನಪೇ ಆಗಲಿಲ್ಲ. ಮರೀನ್ ಡ್ರೈವ್‌ಗೆ ಬಂದಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅಲ್ಲಿ ಹಿಡಿಯಿತು, ಅದೂ ಎಡಗಾಲು, ನಾನು ಒಂದು ದಿನವೂ ಚಿಂತೆ ಮಾಡದ ಕಾಲು. ಫುಟ್‌ಪಾತ್ ಅಂಚಿಗೆ ಮುಂಗಾಲು ಇಟ್ಟು ಹಿಮ್ಮಡಿ ಕೆಳಗೆ ಬಿಟ್ಟೆ. ಮೊದಲು ನೇರ, ಆಮೇಲೆ ಮೊಣಕಾಲು ಬಗ್ಗಿಸಿ. ಸಮುದ್ರ ನೋಡುತ್ತಾ ಎಣಿಸಿದೆ. ನಲವತ್ತು ಎಣಿಸುವಷ್ಟರಲ್ಲಿ ಬಿಟ್ಟಿತು. ನೂರು ಹೆಜ್ಜೆ ನಡೆದೆ, ಅದನ್ನೂ ಎಣಿಸಿದೆ. ಆಮೇಲೆ ನಿಲ್ಲಲಿಲ್ಲ.

ಶುಕ್ರವಾರ ಮಸಾಜ್‌ಗೆ ಕರೆದಿದ್ದ ಗೆಳತಿಗೆ ಈ ಚರ್ಚೆ ಕಳಿಸಿದ್ದೆ. ಅವಳೂ ಹೋಗಲಿಲ್ಲ. ಇಬ್ಬರೂ ಒಂದೇ ಲೋಕಲ್‌ನಲ್ಲಿ ವಾಪಸ್ ಬಂದೆವು. ಡೊಂಬಿವಲಿ ಸ್ಟೇಷನ್ ಬ್ರಿಡ್ಜ್ ಇಳಿಯುವಾಗ ಇಬ್ಬರೂ ಕಟಕಟೆ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು.

ಪಾಂಚ್ ಗಾರ್ಡನ್ ಅಣ್ಣಾ, ನಿಮ್ಮ ಆ ನಾಲ್ಕನೇ ಓಟದ ಕಥೆ ನನ್ನನ್ನು ಕಾಪಾಡಿತು. ಮೇಡಂ, ಶೂ ಬಗ್ಗೆ ನೀವು ಕೇಳದೇ ಇದ್ದಿದ್ದರೆ ನಾನು ಇವತ್ತಿಗೂ ಒತ್ತಿಸಿಕೊಳ್ಳುತ್ತಲೇ ಇರುತ್ತಿದ್ದೆ.

ಈಗ ತೊಡೆ ಎರಡೂ ಮುಟ್ಟಲು ಬಿಡುತ್ತಿಲ್ಲ. ಅವ್ವ ಎಣ್ಣೆ ಬಿಸಿಗೆ ಇಟ್ಟಿದ್ದಾರೆ. ಇವತ್ತು ಗಟ್ಟಿಯಾಗಿ ಒತ್ತಲು ಹೇಳಲಾ?


ಮುಲುಂಡ್ ಫಿಸಿಯೊ, ಸೋಮವಾರ ಸಂಜೆ 8:00

ಬೇಡ. ನಾಳೆ ಇನ್ನೂ ಜಾಸ್ತಿ ನೋಯುತ್ತದೆ, ಹೆದರಬೇಡಿ. ಗುರುವಾರದ ತನಕ ಸವರಿದರೆ ಸಾಕು. ಆಮೇಲೆ ಬೇಕಿದ್ದರೆ ಗಟ್ಟಿ. ಈ ವಾರ ಓಟ ಇಲ್ಲ, ನಡಿಗೆ ಮಾತ್ರ. ಅವ್ವನಿಗೆ ನನ್ನ ನಮಸ್ಕಾರ ಹೇಳಿ.